ಮೀನಿಗೆ ರವಿಕೆ ಹೊಲಿಸಬೇಕಿಲ್ಲ

ಮೊನ್ನೆ ಸುಜಾತ ಕಿಟಕಿಯ ಪರದೆ ಅಳೆಯಲು ನನ್ನ ಟೇಪು ಕೇಳಿಕೊಂಡು ಬಂದಳು. ಕೊಪ್ಪದಲ್ಲಿ ನಮ್ಮ ಮನೆಯಿಂದ ಎರಡು ಓಣಿ ಆಚೆಗೆ ಅವಳ ಮನೆ. ನನ್ನ ಗಂಡನ ಗೆಳೆಯ ಲೋಕೇಶನ ಹೆಂಡತಿ. ಹೊಲಿಗೆ ಡಬ್ಬಿ ತೆರೆದು ಹಳದಿ ಟೇಪಿನ ಸುರುಳಿಯನ್ನು ಎತ್ತಿಕೊಂಡವಳು ಅದನ್ನು ಮೂಗಿನ ಹತ್ತಿರ ಹಿಡಿದು ನನ್ನ ಮುಖ ನೋಡಿದಳು.

“ಇದಿನ್ನೂ ಮೀನು ವಾಸನೆ ಹೊಡೀತದಲ್ಲೇ ಮಾರಾಯ್ತಿ. ಎಸಿಬಾರ್ದಾ?”

ಎಸೆಯುವುದಿಲ್ಲ. ಸೀಗೆಪುಡಿ ಹಾಕಿ ತೊಳೆದಿದ್ದೇನೆ, ನಿಂಬೆಸಿಪ್ಪೆ ತಿಕ್ಕಿದ್ದೇನೆ, ಬಿಸಿಲಿಗೆ ಹರವಿದ್ದೇನೆ. ವಾಸನೆ ಹೋಗಲಿಲ್ಲ, ನಲವತ್ತರ ಆಚೆಗಿನ ಅಂಕಿಗಳು ಮಾತ್ರ ಹೋದವು. ಪೇಟೆಯಲ್ಲಿ ಹೊಸ ಟೇಪು ಸಿಗುವುದಿಲ್ಲವೆಂದಲ್ಲ. ಆದರೆ ಕೆಲವರು ಗೋಡೆಗೆ ಶಾಲು ಹೊದ್ದ ಫೋಟೋ ಹಾಕಿಕೊಳ್ಳುವುದಿಲ್ಲವೇ? ನನಗೆ ಈ ವಾಸನೆಯೇ ಸಾಕು. ಬೇಕಿದ್ದರೆ ಪರದೆಯನ್ನು ಕಣ್ಣಳತೆಯಲ್ಲಿ ಹೊಲಿದುಕೋ ಎಂದು ಸುಜಾತಳಿಗೆ ಹೇಳಿದೆ. ಅವಳು ನಕ್ಕು, ಮೂಗು ಮುಚ್ಚಿಕೊಂಡೇ ಟೇಪು ತೆಗೆದುಕೊಂಡು ಹೋದಳು.

ನೀವು ಮೀನು ತಿನ್ನುವವರಲ್ಲದಿದ್ದರೂ ಪುಟ ತಿರುಗಿಸಬೇಡಿ. ಇದು ತಿನ್ನುವ ವಿಷಯವಲ್ಲ, ಅಳೆಯುವ ವಿಷಯ.

ಸಿನಿಮಾಗಳಲ್ಲಿ ನೋಡಿದ್ದೇನೆ, ಬೇರೆ ಕಡೆಯ ಜನ ಮೀನಿನ ಉದ್ದ ಹೇಳುವಾಗ ಎರಡೂ ಅಂಗೈಗಳನ್ನು ಎದುರುಬದುರು ಹಿಡಿದು ಗಾಳಿಯಲ್ಲಿ ಮೀನು ಬರೆಯುತ್ತಾರೆ. ನಮ್ಮ ಕಡೆ ಹಾಗಲ್ಲ. ಎಡಗೈಯನ್ನು ಮುಂದೆ ಚಾಚಿ, ಬಲಗೈಯ ಅಂಚನ್ನು ಕತ್ತಿಯ ಹಾಗೆ ಅದರ ಮೇಲೆ ಇಡುತ್ತೇವೆ. ಬೆರಳ ತುದಿಯೆಂದರೆ ಬಾಲ, ಕತ್ತಿ ಬಿದ್ದಲ್ಲಿ ತಲೆ. ನಮ್ಮ ತೋಳೇ ಮೀನು. ಕತ್ತಿ ಮಣಿಕಟ್ಟಿಗೆ ಬಿದ್ದರೆ ಸಾರಿಗೆ ಸಾಕು, ಮೊಣಕೈಗೆ ಬಿದ್ದರೆ ಊರಿಗೆ ಹೇಳಬಹುದು, ಭುಜಕ್ಕೆ ಬಿದ್ದರೆ ಹೇಳುವವನ ಮುಖವನ್ನು ಒಮ್ಮೆ ನೋಡಬೇಕು.

ನನ್ನ ಅಪ್ಪ ಸಿರಿಮನೆ ಕಡೆಯ ಹಳ್ಳದಲ್ಲಿ ಗಾಳ ಹಾಕುತ್ತಿದ್ದರು. ನಮ್ಮದು ಕಿಗ್ಗದ ಹತ್ತಿರದ ಮನೆ. ಅಪ್ಪನ ಮೀನು ಅಂಗಳಕ್ಕೆ ಬರುವಾಗ ಮಣಿಕಟ್ಟಿನಷ್ಟಿದ್ದರೆ, ಮಾರನೆಯ ದಿನ ನೆಂಟರ ಮುಂದೆ ಕತ್ತಿ ಮೆಲ್ಲಗೆ ತೋಳಿನ ಮೇಲೆ ಜಾರುತ್ತಿತ್ತು. ಅಮ್ಮ ಒಳಗಿನಿಂದ ಬಾಣಲೆಯನ್ನು ಒಮ್ಮೆ ಸದ್ದಾಗುವಂತೆ ಇಡುವಳು. ಅಮ್ಮನ ಅಳತೆ ಬಾಣಲೆಯದು. ತಲೆಯನ್ನೂ ಬಾಲವನ್ನೂ ಕಳೆದು, ಎಷ್ಟು ಹೋಳು ಎಂದಷ್ಟೇ ಅವಳ ಲೆಕ್ಕ. ಅಪ್ಪ ಮೀನಿನ ಮೀಸೆಯನ್ನೂ ಸೇರಿಸಿ ಅಳೆಯುವವರು, ಅಮ್ಮ ತಲೆಯನ್ನೇ ಲೆಕ್ಕಕ್ಕೆ ಹಿಡಿಯದವಳು. ಇವರಿಬ್ಬರ ನಡುವೆ ಬೆಳೆದ ನನಗೆ ಒಂದು ಮೀನು ನಿಜವಾಗಿ ಎಷ್ಟುದ್ದ ಎಂಬುದು ಬಹಳ ಕಾಲ ತಿಳಿಯಲೇ ಇಲ್ಲ.

ಶೃಂಗೇರಿಯ ಹೊಳೆಮೆಟ್ಟಿಲಲ್ಲಂತೂ ಮೀನುಗಳು ಕಾಲಿಗೇ ತಾಗುತ್ತವೆ. ಅವನ್ನು ಯಾರೂ ಹಿಡಿಯುವುದಿಲ್ಲ. ಮಂಡಕ್ಕಿ ಹಾಕಿ, ಮುಟ್ಟಲು ಹೋಗಿ, ಕಿರುಚಿ ಕೈ ಹಿಂದೆಗೆದು ಬರುವುದು ಅಷ್ಟೆ. ಹಿಡಿಯದ ಮೀನಿಗೆ ಅಳತೆ ಯಾಕೆ ಹೇಳಿ? ಆದರೂ ನಾನು ಹಾಸ್ಟೆಲಿಗೆ ಹೋಗುವ ಬಸ್ಸಿನಲ್ಲಿ ಯಾರಾದರೂ ಇಬ್ಬರು ತೋಳು ಚಾಚಿಕೊಂಡೇ ಇರುತ್ತಿದ್ದರು. ಬಸ್ಸು ಸ್ಟಾಂಡು ಬಿಡುವಾಗ ಮೊಣಕೈಯಲ್ಲಿದ್ದ ಮೀನು ಹರಿಹರಪುರ ಬರುವಷ್ಟರಲ್ಲಿ ಭುಜಕ್ಕೆ ಏರಿರುತ್ತಿತ್ತು. ಟಿಕೆಟ್ ಹರಿಯುತ್ತ ಬಂದ ಕಂಡಕ್ಟರು ತನ್ನ ತೋಳನ್ನೂ ಸೇರಿಸಿ ಹೋಗುತ್ತಿದ್ದ.

ಹಾಸ್ಟೆಲೆಂದರೆ ಕಾನ್ವೆಂಟಿನದು. ಐದನೇ ಕ್ಲಾಸಿಗೆ ನನ್ನನ್ನು ಅಲ್ಲಿಗೆ ಸೇರಿಸಿದರು. ಅಲ್ಲಿ ನಾನು ಕಲಿತ ಇಂಗ್ಲಿಷಿನ ಪದ್ಯಗಳೆಲ್ಲ ಮರೆತುಹೋಗಿವೆ. ಹೊಲಿಗೆ ಸಿಸ್ಟರ್ ಮಾತ್ರ ಮರೆತಿಲ್ಲ. ತೆಳ್ಳಗಿನ, ಸಣ್ಣ ದನಿಯ ಹೆಂಗಸು. ಬೈಯುತ್ತಿರಲಿಲ್ಲ. ನಾವು ಅಂಚು ಮಡಚಿ ಹೊಲಿದ ಕರವಸ್ತ್ರವನ್ನು ಮೇಜಿನ ಮೇಲೆ ಹರವಿ, ಅಂಗೈಯಿಂದ ಒಮ್ಮೆ ಸವರಿ, ಟೇಪು ಇಡುತ್ತಿದ್ದರು. ಒಂದು ನೂಲಿನಷ್ಟು ಹೆಚ್ಚುಕಡಿಮೆಯಾದರೂ ಹೊಲಿಗೆ ಬಿಚ್ಚಿಸುತ್ತಿದ್ದರು. “ಬಟ್ಟೆ ಮಲಗಬೇಕು, ಟೇಪು ಮಲಗಬೇಕು, ನೀವು ಮಾತ್ರ ಮಲಗಬಾರದು,” ಎನ್ನುತ್ತಿದ್ದರು. ಟೇಪನ್ನು ಎಳೆಯಬಾರದು, ಸಡಿಲ ಬಿಡಬಾರದು. ಅಂಕಿಯನ್ನು ಓರೆಯಾಗಿ ನೋಡಬಾರದು, ಅದರ ನೆತ್ತಿಯ ಮೇಲೆ ಕಣ್ಣಿಟ್ಟು ನೋಡಬೇಕು. ಸ್ಕೇಲಿನ ತುದಿ ಸವೆದಿದ್ದರೆ ಒಂದರಿಂದ ಶುರುಮಾಡಿ, ಕೊನೆಯಲ್ಲಿ ಒಂದನ್ನು ಕಳೆಯಬೇಕು. ನಾನು ಆಗ ಎಷ್ಟು ಕರವಸ್ತ್ರ ಬಿಚ್ಚಿದೆನೋ. ಒಬ್ಬರ ಮೂಗೊರೆಸುವ ಬಟ್ಟೆಗೆ ಇಷ್ಟೊಂದು ನ್ಯಾಯ ಯಾಕೆ ಎಂದು ಹಾಸ್ಟೆಲಿನ ಮಂಚದ ಮೇಲೆ ಕೂತು ಅತ್ತದ್ದೂ ಉಂಟು.

ಮದುವೆಯಾಗಿ ಕೊಪ್ಪಕ್ಕೆ ಬಂದೆ. ನನ್ನ ಗಂಡ ದಿವಾಕರ ಬೈಕಿನ ಬಿಡಿಭಾಗಗಳ ಅಂಗಡಿ ಇಟ್ಟಿದ್ದಾರೆ. ಭಾನುವಾರ ಅಂಗಡಿ ಮುಚ್ಚಿದರೆ ಅವರ ಕಾಲು ನರಸಿಂಹರಾಜಪುರದ ಕಡೆಗೇ. ಅಲ್ಲಿ ಭದ್ರೆಯ ಹಿನ್ನೀರಿನ ದಂಡೆಯಲ್ಲಿ ಅವರ ಗೆಳೆಯರ ಗುಂಪು ಗಾಳ ಹಾಕುತ್ತದೆ. ಗುಂಪಿಗೆ ಹಿರಿಯರು ಶೇಷಪ್ಪಣ್ಣ; ಹರಿಹರಪುರದ ಕಡೆಯ ತೋಟದವರು, ಅರವತ್ತೈದು ದಾಟಿದ, ದೊಡ್ಡ ದನಿಯ ಮನುಷ್ಯ. ಆಮೇಲೆ ಪಂಪುಸೆಟ್ಟು ರಿಪೇರಿ ಮಾಡುವ ಲೋಕೇಶ. ಇನ್ನೂ ಒಂದಿಬ್ಬರು ಬರುತ್ತಾರೆ, ಹೋಗುತ್ತಾರೆ. ಹೆಂಗಸರು ಹೋಗುವುದು ಕಲ್ಲು ಹೂಡಿ ಒಲೆ ಹಚ್ಚಿ ಮೀನು ಹುರಿಯಲು. ನಾನೂ ಹಾಗೆಯೇ ಹೋದವಳು, ಮಸಾಲೆಯ ಡಬ್ಬಿ ಹಿಡಿದುಕೊಂಡು.

ಒಂದು ಭಾನುವಾರ ದಿವಾಕರ ಫೋನು ಬಂತೆಂದು ಸಿಗ್ನಲ್ ಹುಡುಕಿಕೊಂಡು ದಿಬ್ಬ ಹತ್ತಿದರು. ಹೋಗುವಾಗ ಗಾಳದ ಕೋಲನ್ನು ನನ್ನ ಕೈಗೆ ಕೊಟ್ಟು, ಸುಮ್ಮನೆ ಹಿಡಿದುಕೊಂಡಿರು ಎಂದರು. ನಾನು ಸುಮ್ಮನೆ ಹಿಡಿದುಕೊಂಡಿದ್ದೆ. ನೀರಿನೊಳಗಿನಿಂದ ಯಾರೋ ನನ್ನನ್ನು ಕರೆದ ಹಾಗೆ ದಾರ ಎರಡು ಸಲ ಜಗ್ಗಿತು. ನಿಮಗೆ ಯಾರಾದರೂ ಹಿಂದಿನಿಂದ ಸೆರಗು ಹಿಡಿದು ಎಳೆದರೆ ಹೇಗಾಗುತ್ತದೆಯೋ ಹಾಗೆ. ಬಂದದ್ದು ಬೆರಳುದ್ದದ ಮೀನು. ಆದರೆ ಆಮೇಲೆ ನಾನು ಕೋಲು ವಾಪಸು ಕೊಡಲಿಲ್ಲ. ಅವರು ಬೇರೆ ಕೋಲು ತಂದುಕೊಂಡರು. ಈಗ ಮಸಾಲೆ ಕಲಸುವುದು ಅವರೇ. ಉಪ್ಪು ಜಾಸ್ತಿಯಾಗುತ್ತದೆ, ನಾನು ಏನೂ ಹೇಳುವುದಿಲ್ಲ.

ಈಗ ಬಂಡೆಯ ವಿಷಯ ಹೇಳಬೇಕು. ಬೇಸಿಗೆಯಲ್ಲಿ ಹಿನ್ನೀರು ಇಳಿದಾಗ ನಮ್ಮ ಜಾಗದಲ್ಲಿ ಒಂದು ಹಾಸುಬಂಡೆ ಮೇಲೇಳುತ್ತದೆ. ಊಟದ ಮೇಜಿನಷ್ಟು ಸಪಾಟು. ಪಕ್ಕದ ಮತ್ತಿಮರದ ನೆರಳು ಮಧ್ಯಾಹ್ನ ಅದರ ಮೇಲೆಯೇ ಬೀಳುತ್ತದೆ. ಮುಂದೆ ಆಳದ ನೀರು. ಬಂಡೆಯ ಸುತ್ತ ಮಾತ್ರ ಕೆಸರು. ಕೂತರೆ ಏಳುವಾಗ ಭೂಮಿಯೇ ಜೊತೆಗೆ ಎದ್ದುಬರುತ್ತದೆ. ಆ ಬಂಡೆಯ ಮೇಲೆ ಕೂತು ಗಾಳ ಹಾಕಲು ಗುಂಪಿನಲ್ಲಿ ಒಂದು ಕಟ್ಟಳೆ. ತನ್ನ ಮೊಳಕ್ಕಿಂತ ಉದ್ದದ ಮೀನು ಹಿಡಿದವನಿಗೆ ಮಾತ್ರ ಅಲ್ಲಿ ಜಾಗ. ಮೊಳವೆಂದರೆ ಮೊಣಕೈಯಿಂದ ನಡುಬೆರಳ ತುದಿಯವರೆಗೆ. ಕಟ್ಟಳೆ ಮಾಡಿದವರು ಶೇಷಪ್ಪಣ್ಣ, ಮೊದಲು ಹತ್ತಿದವರೂ ಅವರೇ. ಕಾಲಕ್ರಮದಲ್ಲಿ ಗಂಡಸರೆಲ್ಲ ಒಬ್ಬೊಬ್ಬರಾಗಿ ಹತ್ತಿದರು. ಕೆಳಗೆ ಕೆಸರಿನಲ್ಲಿ ಉಳಿದವಳು ನಾನೊಬ್ಬಳೇ. ನಾಲ್ಕು ಬೇಸಿಗೆ.

ಕೆಸರಿನಲ್ಲಿ ಕೂತವಳಿಗೆ ಬಂಡೆಯ ಮೇಲಿನದು ಚೆನ್ನಾಗಿ ಕಾಣುತ್ತದೆ. ಗಂಡಸರು ಮೀನನ್ನು ತೋಳಿನ ಮೇಲೆ ಮಲಗಿಸಿ ಮೊಳ ನೋಡುವಾಗ ನಾನು ಒಂದೊಂದನ್ನೇ ಗಮನಿಸುತ್ತಿದ್ದೆ. ಮೊಣಕೈ ಎಂದರೆ ಹೊರಗಿನ ಎಲುಬಿನ ತುದಿ. ಇವರು ಹಿಡಿಯುವುದು ಒಳಗಿನ ಮಡಿಕೆಯಿಂದ. ಅಲ್ಲಿಗೇ ಒಂದೆರಡು ಇಂಚು ಉಳಿಯಿತು. ಬೆರಳುಗಳನ್ನು ನೆಟ್ಟಗೆ ಚಾಚುವುದಿಲ್ಲ, ಮೀನು ಜಾರುತ್ತದೆಂದು ಸ್ವಲ್ಪ ಮಡಚುತ್ತಾರೆ. ಅಲ್ಲಿ ಇನ್ನೊಂದಷ್ಟು. ಮೀನು ಬಾಯಿ ತೆರೆದುಕೊಂಡಿರುತ್ತದೆ. ಬಾಲವನ್ನು ಪಕ್ಕದವನು ಪ್ರೀತಿಯಿಂದ ಎಳೆಯುತ್ತಾನೆ. ಇಷ್ಟಾದ ಮೇಲೆ ಫೋಟೋ. ಫೋಟೋದಲ್ಲಿ ಮೀನನ್ನು ಎರಡೂ ಕೈಯಿಂದ ಕ್ಯಾಮೆರಾದ ಮುಖಕ್ಕೆ ಚಾಚಿ ಹಿಡಿಯುತ್ತಾರೆ, ಹೊಟ್ಟೆಯನ್ನು ಹಿಂದಕ್ಕೆ ಎಳೆದುಕೊಳ್ಳುತ್ತಾರೆ. ಗುಂಪಿನ ವಾಟ್ಸಾಪಿನಲ್ಲಿ ಆ ಫೋಟೋ ನೋಡಿದವರು ಮೀನನ್ನು ಹೊಗಳುತ್ತಾರೆ. ನಾನು ಹೆಬ್ಬೆರಳು ನೋಡುತ್ತೇನೆ. ಲೋಕೇಶನ ಹೆಬ್ಬೆರಳು ಅದರಲ್ಲಿ ಬಾಳೆಕಾಯಿಯಷ್ಟಿರುತ್ತದೆ.

ಹೋದ ಬೇಸಿಗೆಯಲ್ಲಿ ನನ್ನ ಗಾಳಕ್ಕೆ ಒಂದು ರೋಹು ಬಿತ್ತು. ರಾಗಿಹಿಟ್ಟಿನ ಉಂಡೆಗೆ. ನಾನು ಕೆಸರಿನಲ್ಲಿ ಮೊಣಕಾಲವರೆಗೆ ಹೂತು, ರೀಲು ಸುತ್ತಿ, ಬಿಟ್ಟು, ಮತ್ತೆ ಸುತ್ತಿ ದಡಕ್ಕೆ ತರುವಷ್ಟರಲ್ಲಿ ಎಲ್ಲರೂ ಬಂಡೆಯಿಂದ ಇಳಿದು ಬಂದಿದ್ದರು. ತಾಮ್ರದ ಬಣ್ಣದ ಹೆಗಲು, ಒಂದೊಂದು ಹುರುಪೆಯೂ ಎಣಿಸುವ ಹಾಗೆ ನಿಚ್ಚಳ. ನನಗೆ ಬೇಕಿದ್ದುದು ಮಾತ್ರ ಮೀನಲ್ಲ, ಬಂಡೆ.

ಮೊದಲ ತಕರಾರು ಮೊಳದ್ದು. ಕಟ್ಟಳೆಯ ಪ್ರಕಾರ ಅವರವರ ಮೊಳ. ನಾನು ಬಳೆ ಮೇಲಕ್ಕೆ ಸರಿಸಿ ತೋಳು ಚಾಚಿದೆ. ಲೋಕೇಶ ನನ್ನ ತೋಳು ನೋಡಿ, ಪೂರ್ಣಿಮಾ ಅತ್ತಿಗೆಯ ಕೈಯಲ್ಲಾದರೆ ಗುಂಡಿಯ ಮೀನೂ ಮೊಳ ದಾಟುತ್ತದೆ ಎಂದು ತಮಾಷೆ ಮಾಡಿದ. ಇಷ್ಟು ವರ್ಷ ಯಾರ ತೋಳನ್ನೂ ನೋಡದವರಿಗೆ ಅವತ್ತು ನನ್ನ ತೋಳು ಗಿಡ್ಡವಾಗಿ ಕಂಡಿತು. ಕೊನೆಗೆ ಶೇಷಪ್ಪಣ್ಣ, ಹದಿನೆಂಟು ಇಂಚಿಗೆ ಒಂದು ಮೊಳ, ಎಲ್ಲರಿಗೂ ಇನ್ನು ಅದೇ ಎಂದು ತೀರ್ಪು ಕೊಟ್ಟರು. ಬರುವಾಗ ದಾರಿಯಲ್ಲಿ ದರ್ಜಿಗೆ ಅಳತೆ ಕೊಡುವುದಿತ್ತು, ಹಾಗಾಗಿ ನನ್ನ ಚೀಲದಲ್ಲಿ ಈ ಹಳದಿ ಟೇಪು ಇತ್ತು. ತೆಗೆದುಕೊಟ್ಟೆ.

ಲೋಕೇಶ ಅಳೆದ. ಟೇಪಿನ ತುದಿಯನ್ನು ಮೀನಿನ ತೆರೆದ ತುಟಿಗೆ ಒತ್ತಿ, ಹಣೆಯ ಉಬ್ಬು ಹತ್ತಿಸಿ, ಬೆನ್ನಿನ ಕೆಳಗೆ ಹೊಟ್ಟೆಯ ದಿಬ್ಬದ ಮೇಲೆ ಹಾಯಿಸಿ, ಬಾಲದ ಕವಲಿನ ತುದಿಗೆ ಇಳಿಸಿದ. ಹದಿನೆಂಟೂವರೆ.

ಚಪ್ಪಾಳೆ ಬಿತ್ತು. ಒಲೆಯ ಹತ್ತಿರವಿದ್ದ ಸುಜಾತ ಸಿಳ್ಳೆ ಹಾಕಿದಳು. ಅವಳಿಗೆ ಸಿಳ್ಳೆ ಬರುತ್ತದೆಂದು ಅವಳ ಗಂಡನಿಗೇ ಗೊತ್ತಿರಲಿಲ್ಲ. ಶೇಷಪ್ಪಣ್ಣ ಬಂಡೆಯ ಕಡೆ ಕೈ ತೋರಿಸಿ, “ಹೋಗು ಮಾರಾಯ್ತಿ, ಕೂತ್ಕೋ. ನಿಂಗೂ ಜಾಗ ಆತು,” ಎಂದರು.

ಹೋಗಿ ಕೂರಬಹುದಿತ್ತು. ನಾಲ್ಕು ಬೇಸಿಗೆಯಿಂದ ಬಯಸಿದ ಜಾಗ. ಒಂದು ಹೆಜ್ಜೆ ಇಟ್ಟೆನೋ ಏನೋ. ಆದರೆ ಟೇಪು ಇನ್ನೂ ಮೀನಿನ ಮೇಲೆಯೇ ಇತ್ತು. ನಾನು ನೋಡಿದೆ, ಅದು ಮಲಗಿರಲಿಲ್ಲ. ಹೊಟ್ಟೆಯ ಮೇಲೆ ಸೇತುವೆಯ ಹಾಗೆ ಎದ್ದು ನಿಂತಿತ್ತು. ಹೊಲಿಗೆ ಸಿಸ್ಟರು ನೋಡಿದ್ದರೆ ಏನೂ ಹೇಳುತ್ತಿರಲಿಲ್ಲ, ಸುಮ್ಮನೆ ಕತ್ತರಿಯನ್ನು ನನ್ನ ಕಡೆ ಸರಿಸುತ್ತಿದ್ದರು.

“ಲೋಕೇಶ,” ಎಂದೆ, “ಮೀನಿಗೆ ರವಿಕೆ ಹೊಲಿಸಬೇಕಾ?”

ಅವನಿಗೆ ಅರ್ಥವಾಗಲಿಲ್ಲ. ಉಬ್ಬಿನ ಮೇಲೆ ಟೇಪು ಹಾಯಿಸುವುದು ದರ್ಜಿ. ಅವನಿಗೆ ಬೇಕಾದ್ದು ಮೈಯ ಸುತ್ತಳತೆ, ಬಟ್ಟೆ ಮೈಮೇಲೆ ಕೂರಬೇಕಲ್ಲ. ಮೀನಿನ ಉದ್ದ ಬೇರೆ. ಮೂಗಿನಿಂದ ಬಾಲಕ್ಕೆ ನೇರವಾಗಿ ಹೋಗುವ ದಾರಿ ಅದು. ಮಧ್ಯದಲ್ಲಿ ಮೀನು ಎಷ್ಟು ತಿಂದು ಕೊಬ್ಬಿದೆ ಎಂಬುದು ಉದ್ದಕ್ಕೆ ಸಂಬಂಧಪಟ್ಟ ವಿಷಯವಲ್ಲ. ಹೊಟ್ಟೆ ತುಂಬಿದ ಮೀನು ಉಪವಾಸದ ಮೀನಿಗಿಂತ ಉದ್ದವಾಗುತ್ತದೆಯೇ? ಊಟವಾದ ಮೇಲೆ ನೀವು ಎತ್ತರವಾಗುತ್ತೀರಾ?

ಸುಜಾತಳ ಹತ್ತಿರವಿದ್ದ ಈರುಳ್ಳಿ ಹೆಚ್ಚುವ ಹಲಗೆಯನ್ನು ನೀರಿನಲ್ಲಿ ಅದ್ದಿ ತಂದೆ. ಕೈ ಒದ್ದೆ ಮಾಡಿಕೊಂಡೆ. ಹಲಗೆಯ ಒಂದು ತುದಿಗೆ ಗಾಳದ ಡಬ್ಬಿಯನ್ನು ಗೋಡೆಯ ಹಾಗೆ ಒತ್ತಿಟ್ಟು, ಟೇಪನ್ನು ಹಲಗೆಯ ಮೇಲೆ ಹಾಸಿ, ಅದರ ಮೇಲೆ ಮೀನನ್ನು ಮಲಗಿಸಿದೆ. ಬಾಲ ಹಲಗೆಯಿಂದ ಹೊರಗೆ ಹೋಯಿತು, ಅದನ್ನು ಅಂಗೈಯಲ್ಲಿ ಆತುಕೊಂಡೆ. ಹೆಬ್ಬೆರಳಿನಿಂದ ಮೆಲ್ಲಗೆ ಬಾಯಿ ಮುಚ್ಚಿ ಮೂತಿಯನ್ನು ಡಬ್ಬಿಗೆ ತಾಗಿಸಿದೆ. ಬಾಲದ ಎರಡೂ ಕವಲನ್ನು ಬೆರಳುಗಳ ನಡುವೆ ಸೇರಿಸಿದೆ, ಎಳೆಯಲಿಲ್ಲ. ಬಗ್ಗಿ, ನೆತ್ತಿಯ ಮೇಲಿನಿಂದ ನೋಡಿದೆ.

ಹದಿನೇಳೂ ಕಾಲು.

ಲೋಕೇಶ ತಾನೂ ಒಮ್ಮೆ ಬಗ್ಗಿ ಅಂಕಿ ನೋಡಿದ. ಆಮೇಲೆ ಶೇಷಪ್ಪಣ್ಣ, ನಿಜವಾಗಿಯೂ ಒಳ್ಳೆಯ ಮನಸ್ಸಿನಿಂದಲೇ, ಹೇಳಿದರು:

“ಇರ್ಲಿ ಬಿಡು. ಹೆಂಗಸ್ರಿಗೆ ಅಷ್ಟೂ ರಿಯಾಯ್ತಿ ಕೊಡದಿದ್ರೆ ಹೆಂಗೆ? ಹೋಗಿ ಕೂತ್ಕೋ.”

ನಾನು ಮೀನನ್ನು ಎರಡೂ ಕೈಯಲ್ಲಿ ಎತ್ತಿ ನೀರಿಗೆ ಇಳಿಸಿದೆ. ಅದು ಒಂದು ಕ್ಷಣ ಅಂಗೈ ಮೇಲೆಯೇ ನಿಂತಿತ್ತು, ತನಗೆ ಹೋಗಲು ಹೇಳಿದ್ದಾರೋ ಇಲ್ಲವೋ ಎಂದು ಅನುಮಾನಿಸುವ ಹಾಗೆ. ಆಮೇಲೆ ಹೋಯಿತು. ನಾನು ಕೆಸರಿನಲ್ಲಿ ನನ್ನ ಜಾಗಕ್ಕೆ ಹೋಗಿ ಕೂತೆ.

ವಾಪಸು ಬರುವಾಗ ಕಾರಿನಲ್ಲಿ ದಿವಾಕರ ಗೇರು ಜೋರಾಗಿ ಹಾಕುತ್ತಿದ್ದರು. ಆಮೇಲೆ ಕೇಳಿದರು: “ನಿಂಗೆ ಎಂತಕ್ಕೆ ಬೇಕಿತ್ತು? ಅವ್ರಾಗೇ ಕೊಟ್ರು. ತಗೊಳ್ಳೋದಲ್ವಾ?”

“ಕೊಟ್ಟಿದ್ದು ಬೇಡ ನಂಗೆ. ಅಳೆದಿದ್ದು ಬೇಕು,” ಎಂದೆ.

ನಾನು ಸೌಮ್ಯ ಸ್ವಭಾವದವಳೆಂದು ಎಲ್ಲರೂ ಹೇಳುತ್ತಾರೆ. ತರಕಾರಿಯವನ ಹತ್ತಿರ ಚೌಕಾಸಿ ಮಾಡುವುದಿಲ್ಲ, ಬಸ್ಸಿನಲ್ಲಿ ಸೀಟಿಗೆ ಜಗಳವಾಡುವುದಿಲ್ಲ. ಅತ್ತೆ ಇದ್ದಾಗ ಅವರಿಗೂ ಎದುರು ಮಾತಾಡಿದವಳಲ್ಲ. ಆದರೆ ಆ ರಿಯಾಯಿತಿ ಎಂಬ ಮಾತು ಹಲ್ಲಿನ ಸಂದಿಗೆ ಸಿಕ್ಕ ಮೀನಿನ ಮುಳ್ಳಿನ ಹಾಗೆ ವಾರವಿಡೀ ಚುಚ್ಚಿತು. ಸುಳ್ಳು ಅಳತೆಯಲ್ಲಿ ಗಂಡಸರು ಹತ್ತಿದರೆ ಅದು ಅವರ ಮೀನು. ಅದೇ ಸುಳ್ಳಿನಲ್ಲಿ ನಾನು ಹತ್ತಿದರೆ ಅದು ಅವರ ದಾನ. ಇದು ಯಾವ ನ್ಯಾಯ, ನೀವೇ ಹೇಳಿ.

ಆ ವಾರ ಅಟ್ಟದಿಂದ ಒಂದು ಹಳೆಯ ಮಂಚದ ಹಲಗೆ ಇಳಿಸಿದೆ. ಉಜ್ಜಿ ನುಣುಪು ಮಾಡಿದೆ. ಒಂದು ತುದಿಗೆ ಅಡ್ಡಪಟ್ಟಿ ಬೇಕಿತ್ತು, ಮೂತಿ ತಾಗಿಸಲು. ದಿವಾಕರ ಮೊದಲು ಮುಖ ತಿರುಗಿಸಿದರು. ನಾನು ಮೊಳೆಯನ್ನು ಓರೆಯಾಗಿ ಹೊಡೆಯುವುದನ್ನು ನೋಡಲಾರದೆ ಸುತ್ತಿಗೆ ಕಿತ್ತುಕೊಂಡು ಅವರೇ ಹೊಡೆದರು. ಇಂಚುಗಳನ್ನು ನಾನು ಬಣ್ಣದಲ್ಲಿ ಬರೆದೆ. ಶುರು ಮಾತ್ರ ಅಡ್ಡಪಟ್ಟಿಯ ಒಳಮೈಯಿಂದ. ಅಲ್ಲಿ ತಪ್ಪಿದರೆ ಎಲ್ಲ ತಪ್ಪಿತು. ಬಟ್ಟೆಯ ಟೇಪನ್ನು ಇದಕ್ಕೆ ನಂಬಬಾರದು, ಹಳೆಯದಾದ ಹಾಗೆ ಅದು ಹಿಗ್ಗುತ್ತದೆ. ಉಕ್ಕಿನ ಸ್ಕೇಲಿಟ್ಟು ಗೆರೆ ಎಳೆದೆ.

ಹಲಗೆಯನ್ನು ಹಿನ್ನೀರಿಗೆ ಒಯ್ದ ದಿನದಿಂದ ಭದ್ರೆಯ ಮೀನುಗಳೆಲ್ಲ ಕುಳ್ಳಗಾದವು. ಇದು ನನ್ನ ಮಾತಲ್ಲ, ಲೋಕೇಶನದು. ಅವನ ಹತ್ತೊಂಬತ್ತರ ಮೀನು ಹಲಗೆಯ ಮೇಲೆ ಹದಿನಾರಾಗಿ ಮಲಗಿತು. ಮೀನು ಬಾಯಿ ಬಿಟ್ಟಿರುವುದು ಅದರ ಸ್ವಭಾವ, ಮುಚ್ಚಿಸುವುದು ಅನ್ಯಾಯ ಎಂದು ವಾದ ಹೂಡಿದ. ನಿನ್ನ ಎತ್ತರ ಅಳೆಯುವಾಗ ಕೈ ಮೇಲೆತ್ತಿ ನಿಲ್ಲುತ್ತೀಯಾ ಎಂದು ಕೇಳಿದೆ. ಬಾಲವನ್ನು ಸೇರಿಸಿ ಹಿಡಿಯುವುದು ಯಾಕೆ, ಹರವಿ ಬಿಡಬಾರದೇ ಎಂದ. ಬಿಡಬಹುದು. ಕೆಲವರು ಕವಲಿನ ನಡುವಿನ ಕಚ್ಚಿನವರೆಗೆ ಮಾತ್ರ ಅಳೆಯುತ್ತಾರಂತೆ, ಬಾಲದ ತುದಿ ಸವೆದಿರುತ್ತದೆಂದು. ಅದೂ ಸರಿಯೇ. ಯಾವುದಾದರೂ ಒಂದಿರಲಿ, ಬೆಳಿಗ್ಗೆ ಒಂದು, ಮಧ್ಯಾಹ್ನ ಇನ್ನೊಂದು ಆಗಬಾರದು. ನಮ್ಮದು ಬಾಯಿ ಮುಚ್ಚಿ, ಬಾಲ ಕೂಡಿಸಿ. ನನಗೊಂದು, ನಿನಗೊಂದು ಇಲ್ಲ.

ಇನ್ನೂ ಕೆಲವು ಸಣ್ಣ ವಿಷಯಗಳು ಇವೆ, ಹೇಳಿಬಿಡುತ್ತೇನೆ. ಹಲಗೆ ಒಣಗಿರಬಾರದು; ಬಿಸಿಲಿಗೆ ಕಾದ ಹಲಗೆಯ ಮೇಲೆ ಇಟ್ಟರೆ ಮೀನಿನ ಮೈಯ ಲೋಳೆ ಕಿತ್ತುಬರುತ್ತದೆ, ವಾಪಸು ಬಿಟ್ಟರೂ ಬದುಕುವುದಿಲ್ಲ. ತೋರಣದ ಹಾಗೆ ನೇತುಹಾಕಿ ಅಳೆಯಬಾರದು, ತನ್ನ ಭಾರಕ್ಕೆ ತಾನೇ ಜಗ್ಗುತ್ತದೆ. ಮಂಜುಗಡ್ಡೆಯ ಡಬ್ಬಿಯಲ್ಲಿ ಮಡಚಿಟ್ಟು ಸಂಜೆ ಅಳೆಯಬಾರದು, ಸೆಟೆದು ಬಾಗಿರುತ್ತದೆ. ಹಿಡಿದ ಕೂಡಲೇ ಅಳೆಯಬೇಕು, ಬೇಗ ಮುಗಿಸಬೇಕು. ಚಿಕ್ಕದನ್ನು ಬಿಟ್ಟುಬಿಡಬೇಕು. ಮುಖ್ಯವಾದದ್ದು ಇದು: ಅಂಕಿ ಬಂದ ಮೇಲೆ ಅದನ್ನು ಮುದ್ದು ಮಾಡಬಾರದು. ಹದಿನೇಳೂ ಮುಕ್ಕಾಲನ್ನು ಹದಿನೆಂಟು ಎನ್ನಲು ಎಷ್ಟು ಸಲೀಸು, ಗೊತ್ತಲ್ಲ.

ಗಂಡಸರು ಗೊಣಗಿದರು. ವಾಟ್ಸಾಪಿನಲ್ಲಿ ಯಾರೋ ನನ್ನ ಹೆಸರಿನ ಮುಂದೆ ಸರ್ವೇಯರ್ ಎಂದು ಹಾಕಿದರು. ಹಾಕಲಿ. ಆದರೂ ಒಬ್ಬೊಬ್ಬರೇ ಮೀನು ತಂದು ಹಲಗೆಯ ಮೇಲೆ ಇಡತೊಡಗಿದರು, ಅಳೆದು ನೋಡುವ ಚಪಲ ಯಾರಿಗಿಲ್ಲ? ಬಂಡೆಯಿಂದ ಮಾತ್ರ ಯಾರೂ ಇಳಿಯಲಿಲ್ಲ. ಹಳೆಯ ಮೀನುಗಳು ಹಳೆಯ ಲೆಕ್ಕ ಎಂದರು. ತಿಂದು ಮುಗಿದ ಮೀನನ್ನು ಮತ್ತೆ ಅಳೆಯಲು ನನ್ನಿಂದಲೂ ಆಗುವುದಿಲ್ಲ.

ಹಲಗೆಯ ಹತ್ತಿರ ಒಮ್ಮೆಯೂ ಬಾರದವರು ಶೇಷಪ್ಪಣ್ಣ ಒಬ್ಬರೇ. ಹಿಡಿದದ್ದನ್ನು ನೇರ ಒಲೆಗೆ ಕಳಿಸುತ್ತಿದ್ದರು. ನಾನು ಕೇಳಿದರೆ, ನನ್ನ ಮೊಳ ನನ್ನ ಜೊತೆಗೇ ಇದೆ ಎಂದು ತೋಳು ತೋರಿಸುತ್ತಿದ್ದರು. ನನ್ನ ಮೇಲೆ ಕೋಪವೇನೂ ಇರಲಿಲ್ಲ. ಬಂಡೆಯ ಮೇಲಿನಿಂದ ನನಗೆ ಕಾಫಿಯ ಲೋಟ ಕೆಳಗಿಳಿಸುವಾಗ, “ಮೇಲೆ ಬಂದು ಕುಡಿ ಮಾರಾಯ್ತಿ, ಹಟ ಸಾಕು,” ಎನ್ನುತ್ತಿದ್ದರು. ನಾನು ಕೆಳಗೆಯೇ ಕುಡಿಯುತ್ತಿದ್ದೆ.

ಈ ಬೇಸಿಗೆ ನೀರು ಇಳಿದು ಬಂಡೆ ಎದ್ದ ಮೇಲೆ ಒಂದು ಭಾನುವಾರ ಶೇಷಪ್ಪಣ್ಣನ ಕೋಲು ಬಿಲ್ಲಿನ ಹಾಗೆ ಬಗ್ಗಿತು. ಕಾಟ್ಲಾ. ದೊಡ್ಡ ತಲೆಯ, ಅಗಲ ಮೈಯ ಮೀನು. ಅದನ್ನು ಮೇಲೆ ತರಲು ಅವರ ಜೊತೆ ಲೋಕೇಶನೂ ಒದ್ದಾಡಿದ. ಬಂಡೆಯ ಮೇಲೆ ಬಿದ್ದದ್ದೇ ತಡ, ಒಂದೂವರೆ ಮೊಳವೆಂದು ಒಬ್ಬರು, ಎರಡೇ ಎಂದು ಇನ್ನೊಬ್ಬರು. ಫೋನುಗಳು ಹೊರಬಂದವು. ಶೇಷಪ್ಪಣ್ಣ ಅದನ್ನು ತೋಳಿನ ಮೇಲೆ ಮಲಗಿಸಿಕೊಳ್ಳಲು ಹೋದರು. ಯಾಕೋ ನಿಂತರು. ಮೀನು ಹಿಡಿದುಕೊಂಡೇ ಕೆಳಗೆ ನನ್ನ ಕಡೆ ನೋಡಿದರು. ಕಡೆಗಣ್ಣಿಗೆ ಕಂಡರೂ ನಾನು ತಲೆ ಎತ್ತಲಿಲ್ಲ, ನನ್ನ ತೇಲುಬೆಂಡನ್ನೇ ನೋಡುತ್ತಿದ್ದೆ. ಅಳೆಯಿರೆಂದು ನಾನು ಕೇಳುವ ಕಾಲ ಮುಗಿದಿತ್ತು.

ಅವರು ಬಂಡೆ ಇಳಿದರು. ಪಂಚೆಯನ್ನು ಮೇಲೆತ್ತಿ ಕಟ್ಟಿ, ಕೆಸರಿನಲ್ಲಿ ಕಾಲು ಹೂಳುತ್ತ ಬಂದು ಹಲಗೆಯ ಮುಂದೆ ಕುಕ್ಕುರುಗಾಲಿನಲ್ಲಿ ಕೂತರು. ಲೋಕೇಶ ನೀರು ಚಿಮುಕಿಸಿದ. ಮೂತಿಯನ್ನು ಅಡ್ಡಪಟ್ಟಿಗೆ ತಾಗಿಸಿ, ನನ್ನ ಹಾಗೆಯೇ ಹೆಬ್ಬೆರಳಿನಿಂದ ಬಾಯಿ ಮುಚ್ಚಿದರು. ಅಷ್ಟು ತಿಂಗಳಿಂದ ದೂರದಿಂದಲೇ ನೋಡಿ ಕಲಿತಿದ್ದರು. ಬಾಲ ಕೂಡಿಸಿದರು. ಬಗ್ಗಿ ನೋಡಿದರು, ಕನ್ನಡಕ ಹಾಕಿಕೊಂಡು ಮತ್ತೆ ನೋಡಿದರು.

ಹದಿನೇಳೂ ಮುಕ್ಕಾಲು.

ಲೋಕೇಶ, ಬಾಲ ಸ್ವಲ್ಪ ಎಳೆದರೆ ಹದಿನೆಂಟಕ್ಕೆ ತಾಗುತ್ತದೆ ಎಂದು ಕೈ ಹಾಕಿದ. ಶೇಷಪ್ಪಣ್ಣ ಅವನ ಕೈ ತಳ್ಳಿದರು. ನನ್ನ ಕಡೆ ತಿರುಗಿದರು.

“ನಿಂದು ಎಷ್ಟಿತ್ತೇ ಅವತ್ತು?”

“ಹದಿನೇಳೂ ಕಾಲು.”

“ಇದಕ್ಕಿಂತ ದೊಡ್ಡದು ನಾನು ಹಿಡಿದಿದ್ದೇ ಇಲ್ಲ,” ಎಂದರು. ದೊಡ್ಡ ದನಿಯವರು ಅದನ್ನು ಸಣ್ಣ ದನಿಯಲ್ಲಿ ಹೇಳಿದರು. ಬಂಡೆಯ ಮೇಲಿದ್ದವರೆಲ್ಲ ಲೆಕ್ಕ ಹಾಕುತ್ತಿದ್ದುದು ಮುಖದಲ್ಲೇ ಕಾಣುತ್ತಿತ್ತು. ಶೇಷಪ್ಪಣ್ಣನದೇ ಮೊಳ ಮುಟ್ಟಲಿಲ್ಲವೆಂದರೆ ಉಳಿದವರದು ಏನಾಯಿತು?

ಅವರು ಮೀನನ್ನು ನೀರಿಗೆ ಬಿಟ್ಟರು. ಆಮೇಲೆ ಬಂಡೆಯ ಮೇಲಿದ್ದ ತಮ್ಮ ಚೀಲ, ಕೋಲು, ಕಾಫಿ ಫ್ಲಾಸ್ಕು ಎಲ್ಲವನ್ನೂ ಇಳಿಸಿಕೊಂಡು ಬಂದು ನನ್ನಿಂದ ನಾಲ್ಕು ಮಾರು ಆಚೆಗೆ ಕೆಸರಿನಲ್ಲಿ ಕೂತರು. ಒಬ್ಬರು ಇಳಿದರು, ಇನ್ನೊಬ್ಬರು ಇಳಿದರು. ಲೋಕೇಶ ಕೊನೆಯವನು, ಅವನು ಮತ್ತೆ ಬಂಡೆ ಹತ್ತಿ ಒಂಟಿಯಾಗಿ ಸ್ವಲ್ಪ ಹೊತ್ತು ಕೂತು ನೋಡಿದ. ಸುಜಾತ ಒಲೆಯ ಹತ್ತಿರದಿಂದ ಒಂದು ಸಿಳ್ಳೆ ಹಾಕಿದಳು. ಅವನೂ ಇಳಿದ.

ದಿವಾಕರ ನನ್ನ ಪಕ್ಕದಲ್ಲಿ ಜಾಗ ಹುಡುಕಿ, ಪ್ಯಾಂಟನ್ನು ಮೊಣಕಾಲಿಗೆ ಮಡಚಿ, ಕಾಗದ ಹಾಸಿ, ಕಾಗದವೂ ಮುಳುಗಿದ ಮೇಲೆ ಕೂತರು.

“ಖುಷಿಯಾತಾ ಈಗ? ಇಸ್ತ್ರಿ ಮಾಡಿದ ಪ್ಯಾಂಟು,” ಎಂದರು.

“ನನ್ನ ಚೂಡಿದಾರ ಐದು ಬೇಸಿಗೆಯಿಂದ ಹಿಂಗೇ ಅದೆ. ಒಗ್ದ್ರೆ ಹೋಗ್ತದೆ. ನಿಮ್ದು ನೀವೇ ಒಗೀರಿ,” ಎಂದೆ.

ಮುಂದೆ ಬಂಡೆ ಖಾಲಿಯಾಗಿತ್ತು. ಮತ್ತಿಮರದ ನೆರಳು ಅದರ ಮೇಲೆ ಯಾರಿಗೂ ಅಲ್ಲದೆ ಬಿದ್ದುಕೊಂಡಿತ್ತು. ಒಳ್ಳೆಯ ಜಾಗ; ನನಗೆ ಅದು ಬೇಕು, ಬೇಡವೆಂದು ಎಂದೂ ಹೇಳಿದವಳಲ್ಲ. ಹೊಸ ಉಂಡೆ ಸಿಕ್ಕಿಸಿ, ಬಂಡೆಯ ಆಚೆಗಿನ ಆಳಕ್ಕೆ ಗಾಳ ಎಸೆದೆ.